ಸ್ಟೇರಿಂಗ್ ಇಲ್ಲದ ಗಾಡಿ

ಹೊಸ ಹೆಸರುಕಾಳು ಮನೆಗೆ ಬಂದ ವಾರ ಅದು. ಅಂಗಳದಲ್ಲಿ ಚಾಪೆ ಹಾಸಿ, ಕಾಲು ಚಾಚಿ ಕೂತು, ಮೊರದಲ್ಲಿ ಕಾಳು ಕೇರುತ್ತಿದ್ದೆ. ಕೇರುವ ಕೆಲಸದಲ್ಲಿ ಒಂದು ಸುಖವಿದೆ. ಕೈ ತನ್ನ ಪಾಡಿಗೆ ಆಡುತ್ತಿರುತ್ತದೆ, ಬಾಯಿ ತನ್ನ ಪಾಡಿಗೆ ಶಿವನಾಮ ಹೇಳುತ್ತಿರುತ್ತದೆ, ಮನಸ್ಸು ಮಾತ್ರ ಇವೆರಡರ ಕಣ್ಣು ತಪ್ಪಿಸಿ ಊರೆಲ್ಲ ಸುತ್ತಿ ಬರುತ್ತದೆ. ಅವತ್ತು ಅದು ನಮ್ಮ ಬೆಟಗೇರಿ ಓಣಿಯ ಹಿಂದಿನ ಶಾಲೆಯ ಮೈದಾನಕ್ಕೆ ಹೋಗಿ ಕೂತಿತ್ತು. ಬೆಳಿಗ್ಗೆಯೇ ನಮ್ಮ ಮನೆಯವರು ಹುಲ್ಲು ಕತ್ತರಿಸುವ ಹೊಸ ಗಾಡಿ ತೆಗೆದುಕೊಂಡು ಅಲ್ಲಿಗೆ ಹೋಗಿದ್ದರು. ಆ ಗಾಡಿಯ ಮೊದಲ ಕೆಲಸ ಅದು.

ಅಷ್ಟರಲ್ಲಿ ಪಕ್ಕದ ಮನೆಯ ಗಂಗವ್ವ ಬಂದಳು. ಸುದ್ದಿ ತರುವಾಗ ಎಲ್ಲರೂ ಓಡಿ ಬರುತ್ತಾರೆ, ಗಂಗವ್ವ ಹಾಗಲ್ಲ. ಸುದ್ದಿ ಎಷ್ಟು ದೊಡ್ಡದೋ ಅಷ್ಟು ನಿಧಾನ ನಡೆಯುತ್ತಾಳೆ. ಅವತ್ತು ಬಹಳ ನಿಧಾನ ಬಂದಳು.

“ಪಾರಕ್ಕಾ, ಒಂದು ಖಬರ ಐತಿ. ಅಂಜಬ್ಯಾಡ್ರಿ.”

“ಅಂಜಬ್ಯಾಡ ಅಂದಕೂಡ್ಲೆ ಅಂಜಿಕಿ ಬರತೈತಿ ಗಂಗವ್ವ. ಏನಾತು ಹೇಳು.”

“ಯಾರಿಗೂ ಏನೂ ಆಗಿಲ್ರಿ. ನಿಮ್ಮ ಮನಿಯವರ ಗಾಡಿ ಹಣಮಪ್ಪನ ಕಟ್ಟಿ ಹತ್ರ ಬಂದ್ರ ಸಾಕು, ಗಿರಕಿ ಹೊಡ್ಯಾಕ ಹತ್ತೇತಿ. ನಾಕ ಸಲ ಆತು. ಮಂದಿ ಕೂಡ್ಯಾರ. ದೇವರು ಗಾಡಿ ಹಿಡದಾನ ಅಂತ ಅನ್ನಾಕ ಹತ್ಯಾರ.”

ಮೊರ ಕೆಳಗಿಟ್ಟೆ. ಕಾಳಿನ ಮೇಲೆ ಗುಬ್ಬಿ ಕೂರದಂತೆ ಹಳೆಯ ಸೀರೆ ಮುಚ್ಚಿದೆ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಯಾರಿಗೂ ಏನೂ ಆಗಿಲ್ಲ, ಇದು ಒಂದು ಕೃಪೆ. ಗಂಗವ್ವ ಬೇರೆ ಯಾರ ಮನೆಗೂ ಹೋಗದೆ ಮೊದಲು ನನಗೇ ಬಂದು ಹೇಳಿದಳು, ಇದು ಎರಡನೆಯ ಕೃಪೆ. ದೇವರು ದೊಡ್ಡದಾಗಿ ಕೊಡುವುದನ್ನು ಎಲ್ಲರೂ ಎಣಿಸುತ್ತಾರೆ. ಚಿಲ್ಲರೆ ಕೃಪೆಯನ್ನು ಎಣಿಸುವವರು ಕಡಿಮೆ. ಅದಕ್ಕೆ ಆ ಕೆಲಸ ನಾನು ಹಚ್ಚಿಕೊಂಡಿದ್ದೇನೆ. ನಲ್ಲಿಯಲ್ಲಿ ನೀರು ಬಂದ ದಿನ, ಹಾಲು ಉಕ್ಕುವ ಮೊದಲೇ ನೆನಪಾದ ದಿನ, ಬಂದ ಬೀಗರು ಊಟಕ್ಕೆ ನಿಲ್ಲದೆ ಹೋದ ದಿನ, ಎಲ್ಲವನ್ನೂ ಎಣಿಸುತ್ತೇನೆ.

ಗಂಗವ್ವನ ಜೊತೆ ಮೈದಾನಕ್ಕೆ ಹೋಗುವ ದಾರಿ ಹತ್ತು ನಿಮಿಷದ್ದು. ಆ ಹತ್ತು ನಿಮಿಷದಲ್ಲಿ ಈ ಗಾಡಿ ನಮ್ಮ ಮನೆಗೆ ಬಂದದ್ದು ಹೇಗೆ ಎನ್ನುವುದನ್ನು ನಿಮಗೆ ಹೇಳಿಬಿಡುತ್ತೇನೆ.

ನಮ್ಮ ಮನೆಯವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಗದಗದಿಂದ ಮುಂಡರಗಿ, ಮುಂಡರಗಿಯಿಂದ ಹೊಳೆಯ ದಂಡೆಯ ಕೊರ್ಲಹಳ್ಳಿ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಮೂವತ್ತು ವರ್ಷ ಒಂದು ಕೋಳಿಯನ್ನೂ ಗಾಲಿಗೆ ಸಿಗಿಸಲಿಲ್ಲ. ಇದನ್ನು ಅವರೇ ಹೇಳಿಕೊಳ್ಳುವುದಿಲ್ಲ. ಆದರೆ ಯಾರಾದರೂ ಹೇಳುವವರೆಗೆ ಅಲ್ಲಿಂದ ಏಳುವುದೂ ಇಲ್ಲ. ನಿವೃತ್ತಿಯ ದಿನ ಡಿಪೋದವರು ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಸಮಯದ ಜೊತೆ ಮೂವತ್ತು ವರ್ಷ ಓಡಿದವರಿಗೆ ಇನ್ನು ಕೂತು ನೋಡಿ ಎಂದು ಗಡಿಯಾರ ಕೊಟ್ಟದ್ದು ಯಾರ ಬುದ್ಧಿಯೋ ಗೊತ್ತಿಲ್ಲ.

ಅಲ್ಲಿಂದ ಮುಂದೆ ಅವರ ಕೈ ನೋಡುವುದೇ ನನಗೊಂದು ಸಂಕಟವಾಯಿತು. ಊಟಕ್ಕೆ ಕೂತರೆ ಗಂಗಾಳದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ ತಿರುಗಿಸುವರು. ನಾನು ಜೋರಾಗಿ ಪಾತ್ರೆ ಕುಕ್ಕಿದರೆ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಮನೆಗೆ ನಾಲ್ಕು ಮಂದಿ ಬಂದು ಬಾಗಿಲಲ್ಲಿ ನಿಂತರೆ, “ಒಳಗ ಸರೀರಿ, ಒಳಗ ಜಾಗಾ ಐತಿ” ಎನ್ನುವರು. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ದಿನ ಕಳೆದಂತೆ ಆ ಕೈ ಆಡುವುದೂ ನಿಂತಿತು. ಕುರ್ಚಿಯ ತೋಳಿನ ಮೇಲೆ ಎರಡು ಕೈ ಇಟ್ಟು, ಬಾಗಿಲ ಕಡೆ ನೋಡುತ್ತ, ಮಧ್ಯಾಹ್ನದವರೆಗೆ ಕೂರುವರು. ಮಾತಿಗೆ ಹೂಂ, ಹೂಂ ಎನ್ನುವರು. ಗಲಾಟೆ ಮಾಡುವ ಗಂಡಸಿನ ಜೊತೆ ಬಾಳುವೆ ಮಾಡಬಹುದು, ಹೂಂಗುಟ್ಟುವವರ ಜೊತೆ ಕಷ್ಟ.

ಆಗ ನಾನು ದೇವರನ್ನು ಬೇಡಿಕೊಂಡೆ: ಇವರ ಕೈಗೊಂದು ಕೆಲಸ ಕೊಡಪ್ಪಾ. ದೇವರನ್ನು ಬೇಡುವಾಗ ಬಿಡಿಸಿ ಬೇಡಬೇಕು. ನಾನು ಕೈಗೆ ಕೆಲಸ ಕೊಡು ಎಂದೆ. ಅದಕ್ಕೊಂದು ಸ್ಟೇರಿಂಗ್ ಇರಲಿ ಎಂದು ಹೇಳುವುದು ಮರೆತೆ.

ಕೆಲಸ ತಂದವರು ದಾವಲಸಾಬರು. ಅವರೂ ನಮ್ಮ ಮನೆಯವರೂ ಲಕ್ಷ್ಮೇಶ್ವರದ ಒಂದೇ ಓಣಿಯಲ್ಲಿ ಆಡಿ ಬೆಳೆದವರು, ಒಂದೇ ಸೈಕಲ್ಲಿನಲ್ಲಿ ಶಾಲೆಗೆ ಹೋದವರು. ಒಬ್ಬರು ಪೆಡಲ್ ತುಳಿದರೆ ಇನ್ನೊಬ್ಬರು ಗಂಟೆ ಬಾರಿಸುವುದು, ಮರುದಿನ ಅದಲು ಬದಲು. ಈಗ ಬೆಟಗೇರಿಯಲ್ಲಿ ದಾವಲಸಾಬರದು ಪಂಪ್‌ಸೆಟ್ ರಿಪೇರಿಯ ಅಂಗಡಿ. ಹುಬ್ಬಳ್ಳಿಗೆ ಸಾಮಾನು ತರಲು ಹೋದಾಗ ಈ ಗಾಡಿ ನೋಡಿ ಬಂದಿದ್ದರು. ನೋಡಿ ಬಂದದ್ದು ಎನ್ನುವುದಕ್ಕಿಂತ ಕೇಳಿ ಬಂದದ್ದು ಎನ್ನಬೇಕು. ಬಂದವರೇ ನಮ್ಮ ಮನೆಯವರಿಗೆ ಹೇಳಿದರು:

“ಬಸಣ್ಣ, ಡೀಸೆಲ್ ಇಂಜಿನ್ ಐತಿ. ದನಿ ಕೇಳಿದ್ರ ಎದಿಯಾಗ ತಬಲಾ ಬಾರಿಸಿದಂಗ ಆಗತೈತಿ. ಊರಾಗ ಈಗ ಏನ್ ಕಡಿಮಿ ಐತಿ? ಆಫೀಸಿನ ಮುಂದ ಹುಲ್ಲು, ಲಗ್ನದ ಮಂಟಪದ ಹಿಂದ ಹುಲ್ಲು, ಶಾಲಿ ಮೈದಾನದಾಗ ಹುಲ್ಲು. ನಾ ಇಂಜಿನ್ ನೋಡಿಕೋತೀನಿ, ನೀ ಹೊಡಿ. ಅರ್ಧ ನಂದು, ಅರ್ಧ ನಿಂದು.”

ಹುಲ್ಲಿನ ಮಾತಿಗೆ ನನಗೆ ನಗು ಬಂತು. ನಾನು ಹಿರೇವಡ್ಡಟ್ಟಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು. ನಮ್ಮಲ್ಲಿ ಹುಲ್ಲು ಅಂದರೆ ದನದ ಊಟ. ಬದುವಿನ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತರುವಾಗ ಒಂದೆರಡು ಎಸಳು ಕುಪ್ಪಸದೊಳಗೆ ಇಳಿದು ಮನೆ ಮುಟ್ಟುವವರೆಗೆ ಚುಚ್ಚುತ್ತಿದ್ದವು. ಕೈ ಎರಡೂ ಹೊರೆಯ ಮೇಲಿರುತ್ತಿದ್ದರಿಂದ ತೆಗೆಯುವ ಹಾಗಿಲ್ಲ. ಅಕ್ಕತಂಗಿಯರು ಸಾಲಾಗಿ ಮೈ ಕೊಂಕಿಸುತ್ತ ನಡೆಯುವುದನ್ನು ನೋಡಿ ಊರ ಹಿರಿಯರು, “ಹುಡುಗ್ಯಾರು ಕೋಲಾಟ ಕಲ್ಯಾಕ ಹತ್ಯಾರೇನು” ಎನ್ನುತ್ತಿದ್ದರು. ಅಪ್ಪ ಮಾತ್ರ ಒಂದೇ ಮಾತು ಹೇಳುತ್ತಿದ್ದ: “ಹುಲ್ಲು ತುಳೀಬ್ಯಾಡ್ರಿ, ಅದು ಎತ್ತಿನ ಗಂಗಾಳ.”

ಗದಗ ಜಿಲ್ಲೆಯಾದ ಮೇಲೆ ಊರಿಗೆ ಸಾಹೇಬರು ಬಂದರು. ಸಾಹೇಬರ ಹಿಂದೆ ಕಚೇರಿಗಳು ಬಂದವು, ಕಚೇರಿಯ ಮುಂದೆ ಲಾನು ಬಂತು. ಲಾನು ಅಂದರೆ ಎತ್ತಿಗೆ ಕೊಡದ ಹುಲ್ಲು. ಅಲ್ಲೊಂದು ಕಡೆ ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಫಲಕ ನೋಡಿ, ನಮ್ಮಪ್ಪನ ಮಾತು ಸರ್ಕಾರದ ಆಜ್ಞೆ ಆಯಿತಲ್ಲ ಎಂದು ಖುಷಿಪಟ್ಟೆ. ಎಂಟು ಹತ್ತು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಊರಿನಲ್ಲಿ ಹುಲ್ಲಿಗೆ ದಿನಾ ನೀರು ಹಾಯಿಸುವುದನ್ನು ನೋಡಿ ಹೊಟ್ಟೆಕಿಚ್ಚು ಪಟ್ಟದ್ದೂ ಸುಳ್ಳಲ್ಲ. ಹುಲ್ಲಿಗೂ ಹಣೆಬರಹ ಅಂತ ಇರುತ್ತದೆ.

ಅಂತೂ ಗಾಡಿ ಬಂತು. ಹುಬ್ಬಳ್ಳಿಯಿಂದ ಲಾರಿಯಲ್ಲಿ, ಜೊತೆಗೆ ಒಬ್ಬ ಮೆಕ್ಯಾನಿಕ್. ಇಳಿಸಿ ನಿಲ್ಲಿಸಿದಾಗ ಓಣಿಯ ಮಂದಿಯೆಲ್ಲ ಸುತ್ತ ನಿಂತರು. ನೋಡಲು ಅದು ಗಾಲಿ ಹಚ್ಚಿದ ಕುರ್ಚಿಯ ಹಾಗಿತ್ತು. ಹಿಂದೆ ಎರಡು ದೊಡ್ಡ ಗಾಲಿ, ಮುಂದೆ ಎರಡು ಸಣ್ಣ ಗಾಲಿ. ಸಣ್ಣವು ಯಾವ ಕಡೆ ಬೇಕಾದರೂ ಹೊರಳುತ್ತಿದ್ದವು, ಆಫೀಸಿನ ಕುರ್ಚಿಯ ಗಾಲಿಯಂತೆ. ಬೆನ್ನ ಹಿಂದೆ ಇಂಜಿನ್, ಹೊಟ್ಟೆಯ ಕೆಳಗೆ ಬೋರಲು ಹಾಕಿದ ದೊಡ್ಡ ಬಾಂಡಲಿಯಂಥದು, ಅದರೊಳಗೆ ಹುಲ್ಲು ಕತ್ತರಿಸುವ ಅಲಗುಗಳು. ನಮ್ಮ ಮನೆಯವರು ಒಂದು ಸುತ್ತು ಹಾಕಿದರು. ಎರಡು ಸುತ್ತು ಹಾಕಿದರು.

“ಸ್ಟೇರಿಂಗ್ ಎಲ್ಲಿ ಐತಿ?”

“ಇದಕ್ಕ ಇಲ್ರಿ ಕಾಕಾ,” ಎಂದ ಮೆಕ್ಯಾನಿಕ್. “ಈ ಎರಡು ಹಿಡಿಕಿ ಅದಾವಲ್ರಿ, ಇವ. ಎರಡೂ ಮುಂದ ದೂಡಿದ್ರ ಮುಂದ ಹೊಕ್ಕೈತಿ, ಹಿಂದ ಜಗ್ಗಿದ್ರ ಹಿಂದ ಬರತೈತಿ. ಬಲಗೈ ಬಲಗಾಲಿಗೆ, ಎಡಗೈ ಎಡಗಾಲಿಗೆ. ಒಂದು ಮುಂದ ಒಂದು ಹಿಂದ ಮಾಡಿದ್ರ ನಿಂತಲ್ಲೇ ತಿರಗತೈತಿ. ಕೈ ಬಿಟ್ರ ಹಿಡಿಕಿ ತಾನ ಜಾಗಾಕ್ಕ ಬರತೈತಿ, ಆ ಗಾಲಿ ನಿಂದರತೈತಿ.”

ಕೊನೆಯ ಮಾತು ಇವರು ಕೇಳಿಸಿಕೊಂಡರೋ ಇಲ್ಲವೋ. ಕಣ್ಣು ಇನ್ನೂ ಸ್ಟೇರಿಂಗನ್ನೇ ಹುಡುಕುತ್ತಿತ್ತು. ಬ್ರೇಕ್ ಕಾಲಲ್ಲಿಲ್ಲ, ಗೇರ್ ಇಲ್ಲ, ಕಣ್ಣೆದುರು ಗಾಲಿಯಂತೆ ಹಿಡಿಯಲು ಒಂದೂ ಇಲ್ಲ. ದಾವಲಸಾಬರು ಧೈರ್ಯ ಹೇಳಿದರು: “ಮಾಗಡಿ ಕೆರಿಗೆ ಅಷ್ಟು ದೂರದಿಂದ ಹಕ್ಕಿ ಬರತಾವಲ್ಲೋ ಬಸಣ್ಣ, ಅವಕ್ಕ ಯಾವ ಸ್ಟೇರಿಂಗ್ ಐತಿ? ಎರಡು ರೆಕ್ಕಿ ಅಷ್ಟ.”

“ಹಕ್ಕಿಗೆ ಲೈಸೆನ್ಸ್ ಕೇಳಾವ್ರು ಯಾರು,” ಎಂದರು ಇವರು. ಬಹಳ ತಿಂಗಳ ಮೇಲೆ ಅವರ ಬಾಯಿಂದ ಬಂದ ಚೇಷ್ಟೆಯ ಮಾತು ಅದು. ಅದನ್ನೂ ಎಣಿಸಿಕೊಂಡೆ.

ಪೂಜೆ ಮಾಡಿದೆವು. ಇಂಜಿನ್ನಿನ ಮುಚ್ಚಳಕ್ಕೆ ವಿಭೂತಿ ಎಳೆದು, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟು, ಆರತಿ ಬೆಳಗಿದೆ. ದಾವಲಸಾಬರು ಲೋಬಾನದ ಹೊಗೆ ಹಾಕಿದರು. ಇವರು ಗಾಡಿ ಶುರು ಮಾಡಿ, ನಿಂಬೆಹಣ್ಣು ದಾಟುವ ಮುನ್ನ ನೆರೆದವರಿಗೆ ಶರಣು ಹೇಳಲು ಸೀಟಿನಿಂದ ಚೂರು ಎದ್ದರು. ಗಾಡಿ ಗಪ್ಪನೆ ಬಂದ್ ಆಯಿತು. ಮತ್ತೆ ಶುರು ಮಾಡಿದರು, ಮತ್ತೆ ಎದ್ದರು, ಮತ್ತೆ ಬಂದ್. ಸೀಟಿನಲ್ಲಿ ಏನೋ ಒಂದು ಬಟನ್ ಇರುತ್ತದಂತೆ, ಕೂತವರು ಎದ್ದರೆ ಇಂಜಿನ್ ನಿಲ್ಲುತ್ತದಂತೆ. ಮೂವತ್ತು ವರ್ಷ ಸೀಟಿನಿಂದ ಅರ್ಧ ಎದ್ದು “ಹಿಂದ ಸರೀರಿ” ಎಂದವರಿಗೆ ಕೂತಿರುವುದನ್ನು ಕಲಿಸುವ ಗಾಡಿ ಕೊನೆಗೂ ಸಿಕ್ಕಿತು.

ಮುಂದೆ ನಾಲ್ಕು ದಿನ ದಾವಲಸಾಬರ ಅಂಗಡಿಯ ಹಿಂದಿನ ಬಯಲಿನಲ್ಲಿ ಅಭ್ಯಾಸ ನಡೆಯಿತು. ಯಾರಾದರೂ “ಗಾಡಿ ಹೆಂಗೈತ್ರಿ” ಎಂದು ಕೇಳಿದರೆ ಇಬ್ಬರು ಮಾಲೀಕರು ಎರಡು ಉತ್ತರ ಕೊಡುತ್ತಿದ್ದರು. ದಾವಲಸಾಬರು ಇಂಜಿನ್ ಒಂದನ್ನೇ ಹೊಗಳುವರು. ಕೆಲಸವಿಲ್ಲದಿದ್ದರೂ ಬೆಳಿಗ್ಗೆ ಒಮ್ಮೆ ಚಾಲೂ ಮಾಡಿ, ಕಣ್ಣು ಮುಚ್ಚಿ ಕೇಳಿ, ಬಂದ್ ಮಾಡುವರು. ಇವರು ಸೀಟನ್ನು ಹೊಗಳುವರು. ಬಸ್ಸಿನ ಸೀಟು ಹೀಗಿದ್ದಿದ್ದರೆ ಸೊಂಟ ಉಳಿಯುತ್ತಿತ್ತು ಎನ್ನುವರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಅಂಗಿಯ ತೋಳಿನಲ್ಲಿ ಹುಲ್ಲು, ಕಿವಿಯಲ್ಲಿ ಹುಲ್ಲು, ಮಡಿಚಿದ ಧೋತರದೊಳಗೆ ಹುಲ್ಲು, ಹಾಸಿಗೆಯಲ್ಲೂ ಹುಲ್ಲು. ಇಂಜಿನ್ನಿಗೆ ಗಾಳಿ ಹೋಗುವ ಜಾಲರಿಯಲ್ಲಿ ಹುಲ್ಲಿನ ಪುಡಿ ಕೂತು ಬಿಸಿಯಾಗುತ್ತದೆಂದು ನನ್ನ ಒಳ್ಳೆಯ ಬಾಚಣಿಗೆ ಒಯ್ದರು. ವಾಪಸ್ಸು ಬಂದಾಗ ಅದಕ್ಕೆ ಡೀಸೆಲ್ ವಾಸನೆ. ಎರಡು ದಿನ ನನ್ನ ತಲೆಯೂ ಚಾಲೂ ಆಗುತ್ತದೆಯೋ ಎಂದು ಅಂಜಿಕೊಂಡೇ ಬಾಚಿದೆ.

ಕತ್ತರಿಸಿದ ಹುಲ್ಲನ್ನಾದರೂ ಗಂಗವ್ವನ ಎಮ್ಮೆಗೆ ಹಾಕೋಣವೆಂದು ಒಂದು ಬುಟ್ಟಿ ತಂದೆ. ರವೆಯಷ್ಟು ಸಣ್ಣಗಾಗಿತ್ತು. ಎಮ್ಮೆ ಮೂಸಿ ನೋಡಿ, ನನ್ನ ಮುಖ ನೋಡಿ, ಮುಖ ಆ ಕಡೆ ತಿರುಗಿಸಿತು. “ಹಲ್ಲಿಗೆ ಏನೂ ಸಿಗಲಿಲ್ಲಂದ್ರ ಅದಕ್ಕ ಸಿಟ್ಟು ಬರತೈತ್ರಿ,” ಎಂದಳು ಗಂಗವ್ವ.

ಆದರೆ ಇವರು ಕಲಿತರು. ಅದನ್ನು ಒಪ್ಪಬೇಕು. ನಾಲ್ಕನೆಯ ದಿನ ಬಯಲಿನಲ್ಲಿ ಗೆರೆ ಹೊಡೆದಂತೆ ನೆಟ್ಟಗೆ ಹೋಗಿ, ತುದಿಯಲ್ಲಿ ನಿಂತಲ್ಲೇ ತಿರುಗಿಸಿ, ನೆಟ್ಟಗೆ ವಾಪಸ್ಸು ಬಂದರು. ಊಟಕ್ಕೆ ಬಂದವರು ಮೂರು ರೊಟ್ಟಿ ತಿಂದರು. ಕೈ ಗಂಗಾಳದ ಅಂಚಿನ ಮೇಲೆ ಹೋಗಲಿಲ್ಲ. ಶಾಲೆಯ ಮುಖ್ಯಶಿಕ್ಷಕಿ ಹೆಡ್‌ಬಾಯಿಯವರಿಗೆ ತಾವೇ ಹೋಗಿ ಹೇಳಿ ಬಂದರು: ಮಕ್ಕಳ ಆಟದ ಪಂದ್ಯ ಹತ್ತಿರ ಬಂತು, ಮಳೆಗೆ ಬೆಳೆದ ಹುಲ್ಲಿನಲ್ಲಿ ಹುಳಹುಪ್ಪಡಿ ಇರುತ್ತವೆ, ಮೈದಾನ ನಾನು ಹಸನು ಮಾಡಿಕೊಡುತ್ತೇನೆ, ಇದು ನನ್ನ ಸೇವೆ.

ಹಾಗೆ ಹೋದವರ ಗಾಡಿ ಈಗ ಗಿರಕಿ ಹೊಡೆಯುತ್ತಿತ್ತು.

ಮೈದಾನದ ಮೂಲೆಯಲ್ಲಿ ಒಂದು ಬೇವಿನ ಮರ, ಅದರ ಬುಡದಲ್ಲಿ ಸುಣ್ಣ ಬಳಿದ ಕಟ್ಟೆ, ಕಟ್ಟೆಯ ಮೇಲೆ ಸಿಂಧೂರ ಹಚ್ಚಿದ ಹಣಮಪ್ಪ. ನಾವು ಮುಟ್ಟುವ ಹೊತ್ತಿಗೆ ಅರ್ಧ ಮೈದಾನ ಚಂದಗೆ ಕತ್ತರಿಸಿ ಆಗಿತ್ತು, ಪಟ್ಟಿ ಪಟ್ಟಿಯಾಗಿ. ಕಟ್ಟೆಯ ಹತ್ತಿರ ಮಾತ್ರ ದೊಡ್ಡ ದೊಡ್ಡ ಸುತ್ತು, ಕ್ಷೌರಿಕ ನಡುವೆ ಎದ್ದು ಹೋದ ತಲೆಯ ಹಾಗೆ. ಹೆಡ್‌ಬಾಯಿಯವರು ಕೊಡೆ ಹಿಡಿದು ನಿಂತಿದ್ದರು. ಇಪ್ಪತ್ತು ಮೂವತ್ತು ಮಂದಿ ಕೂಡಿದ್ದರು. ಇವರು ಗಾಡಿಯಿಂದ ಇಳಿದು, ಮುಖ ಕೆಂಪಗೆ ಮಾಡಿಕೊಂಡು, ಗಾಲಿಯನ್ನು ನೋಡುತ್ತಿದ್ದರು.

ಕೋಲೂರಿಕೊಂಡು ನಿಂತಿದ್ದ ಒಬ್ಬ ಮುದುಕಪ್ಪ ಹೇಳುತ್ತಿದ್ದ: “ಹಣಮಪ್ಪನ ಮುಂದ ಹುಲ್ಲು ಕಡ್ಯಾಕ ಬಂದು ಅವನ್ನ ಕೇಳಿಲ್ಲ. ಅದಕ್ಕ ಪ್ರದಕ್ಷಿಣಿ ಹಾಕಸಾಕ ಹತ್ಯಾನ. ನೋಡ್ರಿ ಬೇಕಾದ್ರ, ಬಲಕ್ಕ ತಿರಗತೈತಿ, ಎಡಕ್ಕ ಒಮ್ಮೆರ ತಿರಗಿಲ್ಲ.”

“ಬರೂಮುಂದ ಕಾಯಿ ಒಡದೇನ್ರಿ,” ಎಂದರು ಗಾಡಿಯ ಬಾಜೂ ನಿಂತಿದ್ದ ದಾವಲಸಾಬರು.

“ಎಷ್ಟು?” ಎಂದ ಮುದುಕಪ್ಪ.

“ಒಂದು.”

“ಗಾಲಿ ಎಷ್ಟು ಅದಾವು?”

ಉಳಿದ ಕಾಯಿ ತರಲು ಯಾರೋ ಹೋದರು. ಅಷ್ಟರಲ್ಲಿ ದಾವಲಸಾಬರು ತಾವೇ ಸೀಟಿನಲ್ಲಿ ಕೂತು ಗಾಡಿ ಹೊಡೆದರು. ಕಟ್ಟೆಯ ಬಾಜೂ ಹಾದು ನೆಟ್ಟಗೆ ಹೋಯಿತು, ನೆಟ್ಟಗೆ ಬಂತು, ಎಲ್ಲೂ ತಿರುಗಲಿಲ್ಲ. ಇಳಿದವರು ಗೆಳೆಯನ ಮುಖ ನೋಡಲಿಲ್ಲ, ಟೋಪಿ ತೆಗೆದು ಬೆವರು ಒರೆಸಿಕೊಂಡರು.

ಇವರು ಮತ್ತೆ ಹತ್ತಿದರು. ಗಾಡಿ ಗೆರೆ ಹಿಡಿದು ಬಂತು. ಕಟ್ಟೆ ಬಲಕ್ಕೆ ಬರುತ್ತಿದ್ದಂತೆ ಗಕ್ಕನೆ ಮೂತಿ ತಿರುಗಿಸಿ ಒಂದು ಸುತ್ತು ಸುತ್ತಿ, ಕಟ್ಟೆಯ ಅಂಚಿಗೆ ತಾಗಿ ನಿಂತಿತು. ಒಂದು ಚಕ್ಕೆ ಸುಣ್ಣ ಉದುರಿತು. ಮಂದಿಯಲ್ಲಿ ಯಾರೋ ನಕ್ಕರು. ಯಾರೋ, “ಡ್ರೈವರ್ ಸಾಹೇಬ್ರ, ಇದು ಕೊರ್ಲಹಳ್ಳಿ ಸ್ಟಾಪ್ ಏನ್ರಿ,” ಎಂದರು.

ದಾವಲಸಾಬರು ಹತ್ತಿರ ಹೋಗಿ ಮೆಲ್ಲಗೆ ಹೇಳಿದರು, “ಬಸಣ್ಣ, ಹುಬ್ಬಳ್ಳಿ ಅಂಗಡಿಯವರು ವಾರದಾಗ ವಾಪಸ್ ತಗೋತೀವಿ ಅಂದಾರ. ಕೊಟ್ಟಬಿಡೂಣು. ಗಾಡ್ಯಾಗ ಏನೋ ಐಬು ಐತಿ.”

“ಗಾಡ್ಯಾಗ ಇಲ್ಲ, ದಾವಲ್,” ಎಂದರು ಇವರು. “ನಿನ್ನ ಕೈಯಾಗ ನೆಟ್ಟಗ ಹೋತಲ್ಲ. ನನ್ನ ಕೈ ಹೋದವು. ವಯಸ್ಸಾತು.”

ಎರಡು ಕೈಯನ್ನು ಮುಂದೆ ಹಿಡಿದು ನೋಡಿಕೊಂಡರು. ಆ ಕೈ ಮತ್ತೆ ಕುರ್ಚಿಯ ತೋಳಿನ ಮೇಲೆ ಹೋಗಿ ಕೂರುವುದು ನನ್ನ ಕಣ್ಣಿಗೆ ಕಟ್ಟಿತು. ಗಾಡಿ ಹೋದರೆ ಹೋಗಲಿ, ಅದು ಬರೀ ಕಬ್ಬಿಣ. ‘ನನ್ನ ಕೈ ಹೋದವು’ ಎಂಬ ಮಾತನ್ನು ಮನೆಯೊಳಗೆ ಇಟ್ಟುಕೊಂಡು ನಾನು ಹೇಗೆ ಬಾಳುವೆ ಮಾಡಲಿ.

ಆದರೆ ಅವರು ಏನು ತಪ್ಪು ಮಾಡುತ್ತಿದ್ದಾರೆ ಎನ್ನುವುದು ಆ ಹೊತ್ತಿಗೆ ನನಗೆ ಕಂಡುಬಿಟ್ಟಿತ್ತು. ಮಂದಿಯೆಲ್ಲ ಗಾಲಿ ನೋಡುತ್ತಿದ್ದರು, ನಾನು ಅವರನ್ನು ನೋಡುತ್ತಿದ್ದೆ. ಕಟ್ಟೆ ಹತ್ತಿರ ಬಂದಾಗ ಅವರ ಬಲಗೈ ಹಿಡಿಕೆ ಬಿಟ್ಟು ಎದೆಗೆ ಹೋಯಿತು, ಎದೆಯಿಂದ ಹಣೆಗೆ ಹೋಯಿತು. ಹಣಮಪ್ಪನಿಗೆ ಶರಣು. ಬಲಗೈ ಬಿಟ್ಟಿತೆಂದರೆ ಬಲಗಾಲಿ ನಿಂತಿತು, ಎಡಗಾಲಿ ಪಾಪ ಓಡಿತು. ಗಾಡಿ ಬಲಕ್ಕೆ ತಿರುಗದೆ ಇನ್ನೇನು ಮಾಡೀತು.

ನೀವು ಕೇಳಬಹುದು, ಅಷ್ಟು ಮಂದಿಗೆ ಅದು ಕಾಣಲಿಲ್ಲವೇ ಎಂದು. ನಮ್ಮ ಕಡೆ ದೇವರೆದುರು ಹೋಗುವಾಗ ಕೈ ಎದೆಗೆ ಹೋಗುವುದನ್ನು ಯಾರು ನೋಡುತ್ತಾರೆ. ಉಸಿರಾಡುವುದನ್ನು ನೋಡಿದಂತೆ ಅದು. ನೆರೆದವರೂ ಬರುವಾಗ ಅದನ್ನೇ ಮಾಡಿ ಬಂದಿದ್ದರು. ಅಂಗಡಿಯ ಹಿಂದಿನ ಬಯಲಿನಲ್ಲಿ ದೇವರಿರಲಿಲ್ಲ, ಅದಕ್ಕೆ ಅಲ್ಲಿ ಗಾಡಿ ನೆಟ್ಟಗಿತ್ತು.

ಇವರಿಗೂ ಗೊತ್ತಾಗಿರಲಿಲ್ಲ, ಯಾಕೆಂದರೆ ಆ ಕೈ ಮೂವತ್ತು ವರ್ಷದಿಂದ ಅವರನ್ನು ಕೇಳದೆಯೇ ಏಳುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವರದೇ ಬಸ್ಸಿನಲ್ಲಿ ತವರಿಗೆ ಹೋಗುವಾಗ ನಾನು ಡ್ರೈವರ್ ಸೀಟಿನ ಹಿಂದೆ ಕೂರುತ್ತಿದ್ದೆ. ಮಾತಾಡುವ ಹಾಗಿಲ್ಲ, ಬಸ್ಸಿನ ತುಂಬ ನಮ್ಮೂರವರು. ಅವರ ಬೆನ್ನು ಮತ್ತು ಬಲಗೈ ನೋಡುತ್ತ ಕೂರುವುದು. ಗುಡಿ ಬಂದರೆ ಕೈ ಏಳುತ್ತಿತ್ತು, ದರ್ಗಾ ಬಂದರೆ ಏಳುತ್ತಿತ್ತು, ಹೊಲದ ಬದುವಿನಲ್ಲಿ ಕುಂಕುಮ ಹಚ್ಚಿದ ಕಲ್ಲು ಕಂಡರೂ ಏಳುತ್ತಿತ್ತು. ಇಪ್ಪತ್ತೊಂದು ಸಲ ಎದ್ದರೆ ತವರು ಬಂತು ಎಂದು ನನ್ನ ಲೆಕ್ಕ. ಒಮ್ಮೆ ಕಂಡಕ್ಟರನ ಜೊತೆ ಮಾತಿಗೆ ಬಿದ್ದು ಒಂದು ಗುಡಿಗೆ ಕೈ ಎತ್ತುವುದು ಮರೆತರು. ಹರದಾರಿ ದಾಟುವುದರೊಳಗೆ ಗಾಲಿ ಪಂಚರ್ ಆಯಿತು. ಆಮೇಲೆ ಎಂದೂ ತಪ್ಪಿಸಲಿಲ್ಲ. ಅಪಘಾತವಿಲ್ಲದ ಮೂವತ್ತು ವರ್ಷ ಅವರ ಸ್ಟೇರಿಂಗಿನಿಂದ ಬಂತೆಂದು ಊರು ತಿಳಿದಿದ್ದರೂ, ಆ ಕೈಯಿಂದ ಬಂತೆಂದು ಅವರು ತಿಳಿದಿದ್ದಾರೆ.

ಈಗ ಅದನ್ನು ಹೇಳುವುದು ಹೇಗೆ? ಮಂದಿಯ ಮುಂದೆ ಹೇಳಿದರೆ, ತನ್ನ ಕೈ ಎಲ್ಲಿದೆ ಎಂದು ತನಗೇ ಗೊತ್ತಿಲ್ಲದ ಡ್ರೈವರ್ ಎಂದು ವರ್ಷವಿಡೀ ಚಹಾದಂಗಡಿಯಲ್ಲಿ ಹೇಳಿ ನಗುತ್ತಾರೆ. ದೇವರಿಗೆ ಕೈ ಎತ್ತಬೇಡಿ ಎನ್ನಲು ನನಗೆ ಬಾಯಿಲ್ಲ, ಎತ್ತದಿರಲು ಅವರಿಗೆ ಮನಸ್ಸಿಲ್ಲ. ನಾನು ಹಣಮಪ್ಪನ ಕಡೆ ನೋಡಿದೆ. ಅಪ್ಪಾ, ಇದು ನಿನ್ನಿಂದ ಆದದ್ದು, ಒಂದು ಮಾತು ನೀನೇ ಕೊಡು ಎಂದೆ.

ಹೆಡ್‌ಬಾಯಿಯವರ ಹತ್ತಿರ ತಂಬಿಗೆ ನೀರು ಇಸಿದುಕೊಂಡು ಅವರ ಹತ್ತಿರ ಹೋದೆ.

“ಏನ್ರಿ, ನೀರು ಕುಡೀರಿ. ಒಂದು ಮಾತು ಕೇಳ್ಲೇನು?”

“ಹೂಂ.”

“ಅಲ್ರಿ, ಮೂವತ್ತು ವರ್ಷ ದೇವರಿಗೆ ಒಂದ ಕೈಲೆ ಶರಣು ಹೇಳ್ಕೋತ ಬಂದೀರಿ. ಬಸ್ಸಿನಾಗ ಮಂದಿ ಇದ್ರು, ಟೈಮಿಗೆ ಮುಟ್ಟೂದಿತ್ತು, ದೇವರು ನಡಸಿಕೊಂಡ. ಈಗ ಯಾವ ಬಸ್ ತಪ್ಪತೈತ್ರಿ? ಈಗಾರ ನಿಂತು, ಎರಡೂ ಕೈಲೆ ಮುಗೀಬಾರದೇನು?”

ಅವರು ತಂಬಿಗೆಯನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ನಿಂತರು. ನನ್ನನ್ನು ನೋಡಿದರು. ಬಲಗೈ ನೋಡಿಕೊಂಡರು. ಆಮೇಲೆ ಗಾಡಿಯ ಬಲಗಡೆಯ ಹಿಡಿಕೆ ನೋಡಿದರು. ನೀರು ಕುಡಿಯುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು.

“ಕೈ ಎತ್ತಿದ್ದೆ ಏನ್ ನಾನು?” ಎಂದರು, ನನಗಷ್ಟೇ ಕೇಳುವ ಹಾಗೆ.

“ನನಗೇನ್ ಗೊತ್ರಿ ಗಾಡಿ ವಿಷಯ. ನಾ ದೇವರ ವಿಷಯ ಹೇಳಿದೆ.”

ಮೀಸೆಯ ಒಂದು ತುದಿ ಅಲ್ಲಾಡಿತು. ತಂಬಿಗೆ ನನ್ನ ಕೈಗೆ ಕೊಟ್ಟು ಗಾಡಿ ಹತ್ತಿದರು. ಹಿಂದಕ್ಕೆ ತೆಗೆದುಕೊಂಡು, ದೂರದಿಂದ ಗೆರೆ ಹಿಡಿದು ಬಂದರು. ಮಂದಿ ಎರಡು ಹೆಜ್ಜೆ ಹಿಂದೆ ಸರಿದರು. ಕಟ್ಟೆ ಬಲಕ್ಕೆ ಬಂತು. ಇವರು ಎರಡೂ ಕೈ ಒಟ್ಟಿಗೆ ಬಿಟ್ಟು, ಎದೆಯ ಮುಂದೆ ಜೋಡಿಸಿ, ಕಣ್ಣು ಮುಚ್ಚಿದರು. ಎರಡೂ ಗಾಲಿ ಒಟ್ಟಿಗೆ ನಿಂತವು. ಗಾಡಿ ಹಣಮಪ್ಪನ ಎದುರು, ನೊಗಕ್ಕೆ ಕುತ್ತಿಗೆ ಕೊಟ್ಟ ಎತ್ತಿನ ಹಾಗೆ, ಮಿಸುಕದೆ ನಿಂತಿತು. ಅವರು ಅವಸರ ಮಾಡಲಿಲ್ಲ. ಮೂವತ್ತು ವರ್ಷದ ಬಾಕಿ ಇತ್ತೇನೋ. ಆಮೇಲೆ ಕೈ ಇಳಿಸಿ ಎರಡೂ ಹಿಡಿಕೆ ಮುಂದೆ ದೂಡಿದರು. ಗಾಡಿ ನೆಟ್ಟಗೆ ಹೋಯಿತು.

“ನೋಡ್ರಿ,” ಎಂದ ಮುದುಕಪ್ಪ, “ಇಷ್ಟ ಬೇಕಾಗಿತ್ತು ಅವಂಗ. ಪೂರ್ತಿ ಶರಣು.” ಅವನ ಮಾತನ್ನು ನಾನು ತಿದ್ದಲಿಲ್ಲ. ತಪ್ಪೆಂದೂ ನನಗೆ ಅನಿಸಲಿಲ್ಲ.

ದಾವಲಸಾಬರು ಸ್ವಲ್ಪ ಹೊತ್ತು ಗಾಡಿಯನ್ನೇ ನೋಡಿದರು. ಅವರು ಇಂಜಿನ್ ಬಿಚ್ಚಿ ಜೋಡಿಸುವ ಮನುಷ್ಯ, ತಿಳಿಯದೆ ಇರುತ್ತದೆಯೇ. ಟೋಪಿ ಸರಿ ಮಾಡಿಕೊಳ್ಳುತ್ತ ನನ್ನ ಬಾಜೂ ಬಂದು ನಿಂತರು.

“ವೈನಿ, ಈ ರಿಪೇರಿಗೆ ನನ್ನ ಅಂಗಡ್ಯಾಗ ನಟ್ಟು ಬಿಚ್ಚೂ ಯಾವ ಪಾನಾನೂ ಇದ್ದಿಲ್ಲ ಬಿಡ್ರಿ.”

“ನಾ ಏನ್ ಮಾಡಿದೆ ಅಣ್ಣಾ, ನೀರು ಕೊಟ್ಟೆ.”

“ಹೌದ್ರಿ. ನೀರು.”

ಮೈದಾನ ಮುಗಿಯುವ ಹೊತ್ತಿಗೆ ಹದಿನಾಲ್ಕು ಸಲ ಕಟ್ಟೆಯ ಮುಂದೆ ಹಾದುಹೋಗಬೇಕಾಯಿತು, ಹದಿನಾಲ್ಕು ಸಲ ನಿಂತರು. ಒಂದು ತಾಸಿನ ಕೆಲಸ ಎರಡು ತಾಸಿಗೆ ಹೋಯಿತು. ಒಮ್ಮೆ ಮುಗಿದರೆ ಸಾಲದೇ ಎಂದು ದಾವಲಸಾಬರು ಕೇಳಿದ್ದಕ್ಕೆ, “ನೀ ಇಂಜಿನ್ ನೋಡಿಕೋ” ಎಂದರಂತೆ.

ಸಂಜೆ ದೀಪ ಹಚ್ಚಿ ನಾನು ದಿನದ ಎಣಿಕೆ ಮಾಡಿದೆ. ಕಟ್ಟೆಯ ಸುಣ್ಣ ಚಕ್ಕೆ ಎದ್ದಿತು, ಕಲ್ಲು ಒಡೆಯಲಿಲ್ಲ. ಮಂದಿ ನಕ್ಕರು, ಆದರೆ ಬೇರೆ ಕಾರಣಕ್ಕೆ ನಕ್ಕರು. ಗುಬ್ಬಿ ಹೆಸರುಕಾಳನ್ನು ಮುಟ್ಟಿರಲಿಲ್ಲ. ಇವರು ಊಟಕ್ಕೆ ಕೂತರು. ಮಜ್ಜಿಗೆ ಅನ್ನಕ್ಕೆ ಬಂದಾಗ ಬಾಯಿ ಬಿಟ್ಟರು.

“ಹೆಡ್‌ಬಾಯಿಯವರ ತಂಗಿ ಲಕ್ಷ್ಮೇಶ್ವರದಾಗ ಮಾಸ್ತರಿಣಿ ಅದಾರಂತ. ಅಲ್ಲಿ ಶಾಲಿ ಮೈದಾನ ದೊಡ್ಡದೈತಿ. ನಾಳೆ ಆರಕ್ಕ ಗಾಡಿ ಲಾರಿಗೆ ಹಾಕೂದು.”

“ಆತು.”

“ಅಲ್ಲಿ ಬಾಜೂಕ ಒಂದು ಗುಡಿ, ಆ ಕಡೆ ಒಂದು ದರ್ಗಾ ಐತಿ.”

“ಹಂಗಾರ ಐದಕ್ಕ ಹೋಗ್ರಿ. ಇಲ್ಲಂದ್ರ ಸಂಜಿಗೆ ಮುಗ್ಯಾಂಗಿಲ್ಲ.”

ಅವರು ನಕ್ಕರು. ಸಣ್ಣಗೆ, ಗಂಗಾಳದ ಕಡೆ ನೋಡುತ್ತ. ಆಮೇಲೆ ಕೈ ತೊಳೆದುಕೊಂಡು ಬಂದು, ಬಾಗಿಲಲ್ಲಿ ನಿಂತು, ಟವೆಲಿಗೆ ಬಹಳ ಹೊತ್ತು ಕೈ ಒರೆಸಿಕೊಂಡು ಕೇಳಿದರು:

“ಮಧ್ಯಾಹ್ನಕ್ಕ ಅಲ್ಲೇ ಇರಬೇಕಾಕ್ಕೈತಿ. ಡಬ್ಬಿ ಕಟ್ಟತಿ ಏನು?”

ಕಟ್ಟುತ್ತೇನೆ ಎಂದೆ. ಸ್ಟೂಲು ಹಾಕಿ ಅಡುಗೆಮನೆಯ ಮೇಲಿನ ಹಲಗೆಗೆ ಕೈ ಚಾಚಿದೆ. ಅವರು ಬಸ್ಸಿಗೆ ಒಯ್ಯುತ್ತಿದ್ದ ಮೂರು ಖಾನೆಯ ಡಬ್ಬಿ ಹಿತ್ತಾಳೆಯ ಕೊಡದ ಹಿಂದೆ, ಮೂಲೆಯಲ್ಲಿತ್ತು. ನಿವೃತ್ತಿಯ ದಿನ ನಾನೇ ತೊಳೆದು ಒರೆಸಿ ಅಲ್ಲಿಟ್ಟದ್ದು. ಅದರ ಮೇಲೆ ಧೂಳು ಬೆರಳು ಇಟ್ಟರೆ ಗೆರೆ ಬೀಳುವಷ್ಟಿತ್ತು. ಮೇಲಿನ ಮುಚ್ಚಳ ಬಿಗಿದು ಕೂತಿತ್ತು. ಕೆಳಗಿಳಿದು, ಬಚ್ಚಲಿಗೆ ಹೋಗಿ, ಬಿಸಿನೀರು ಸುರಿದು ಸಡಿಲ ಮಾಡಿಕೊಂಡು, ಬೂದಿ ಹಚ್ಚಿ ಒಂದೊಂದೇ ಖಾನೆ ತಿಕ್ಕತೊಡಗಿದೆ.